ಮನೆಯಲ್ಲಿ ಫೋಟೊ ಮುದ್ರಿಸಿದರೆ ಇಷ್ಟೊಂದು ಖರ್ಚೇಕೆ?

ಪ್ರಶ್ನೆ: ನಮಸ್ಕಾರ ಸರ್. ಮಗಳ ನಾಮಕರಣದ ಫೋಟೊಗಳನ್ನು ಮನೆಯಲ್ಲೇ ಮುದ್ರಿಸಿ ಆಲ್ಬಂ ಮಾಡೋಣವೆಂದು ಇಂಕ್‌ಜೆಟ್ ಪ್ರಿಂಟರ್ ಕೊಂಡೆವು. 900 ರೂಪಾಯಿಯ ಬಣ್ಣದ ಕಾರ್ಟ್ರಿಜ್ಜಿನ ಪೆಟ್ಟಿಗೆಯ ಮೇಲೆ 150 ಪುಟ ಎಂದು ನಮೂದಿಸಿದ್ದರೂ 4×6 ಅಳತೆಯ 30 ಫೋಟೊ ಆಗುವಷ್ಟರಲ್ಲಿ ಶಾಯಿ ಮುಗಿಯಿತು. ಪ್ರಿಂಟರಿನಲ್ಲೇ ದೋಷವಿದೆಯೇ?

ಉತ್ತರ: ದೋಷವೇನೂ ಇಲ್ಲ. ಪೆಟ್ಟಿಗೆಯ ಮೇಲಿನ ಪುಟಗಳ ಲೆಕ್ಕ ಸಾಮಾನ್ಯವಾಗಿ ಐಎಸ್‌ಒ 24711 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ಕಚೇರಿಯ ಕಾಗದಪತ್ರಗಳಂತಹ, ಬಹುಪಾಲು ಬಿಳಿಯಾಗಿಯೇ ಉಳಿಯುವ ಮಾದರಿ ಪುಟಗಳನ್ನು ಒಂದೇ ಸಮನೆ ಮುದ್ರಿಸಿ ಆ ಸಂಖ್ಯೆಯನ್ನು ಕಂಡುಕೊಳ್ಳುತ್ತಾರೆ. ಫೋಟೊದಲ್ಲಾದರೋ ಹಿನ್ನೆಲೆಯ ಗೋಡೆಯಿಂದ ಸೀರೆಯ ಅಂಚಿನವರೆಗೆ ಇಡೀ ಹಾಳೆಗೆ ಶಾಯಿ ಬೀಳುತ್ತದೆ. ಅಂಚಿಲ್ಲದ ಮುದ್ರಣವನ್ನು ಆರಿಸಿಕೊಂಡರೆ ಹಾಳೆಯ ಆಚೆಗೂ ಸ್ವಲ್ಪ ಶಾಯಿ ಚೆಲ್ಲುತ್ತದೆ.

ಇದಕ್ಕಿಂತ ಬೇಸರದ ಸಂಗತಿಯೆಂದರೆ, ಕೊಂಡ ಶಾಯಿಯೆಲ್ಲ ಕಾಗದ ಸೇರುವುದಿಲ್ಲ. ಪ್ರಿಂಟರ್ ಕೆಲವು ದಿನ ಸುಮ್ಮನಿದ್ದು ಮತ್ತೆ ಚಾಲೂ ಆದಾಗ ನಾಜಲ್ (ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರ) ಶುಚಿಗೊಳಿಸಲು ಶಾಯಿಯನ್ನು ಹೊರಹಾಕುತ್ತದೆ. ದುರಸ್ತಿಗೆ ಬಂದ ಪ್ರಿಂಟರುಗಳ ತಳಭಾಗ ಬಿಚ್ಚಿದಾಗ ವೇಸ್ಟ್ ಪ್ಯಾಡ್ ಎಂಬ ಸ್ಪಂಜಿನಂತಹ ತುಂಡು ಕಪ್ಪಗೆ ನೆನೆದು, ಹಿಡಿದರೆ ಕೈಗೆ ಬಣ್ಣ ಹತ್ತುವಂತಿರುತ್ತದೆ; ಅದರಲ್ಲಿರುವುದೆಲ್ಲ ಗ್ರಾಹಕರು ದುಡ್ಡು ತೆತ್ತು ಕೊಂಡ ಶಾಯಿಯೇ. ಮೂರು ಬಣ್ಣ ಒಂದೇ ಕಾರ್ಟ್ರಿಜ್ಜಿನಲ್ಲಿದ್ದರೆ, ಹಳದಿಯೊಂದು ಮುಗಿದರೂ ಉಳಿದೆರಡು ಬಣ್ಣಗಳ ಸಮೇತ ಅದನ್ನು ಎಸೆಯಬೇಕಾಗುತ್ತದೆ. ನಿಮ್ಮ ಲೆಕ್ಕದಂತೆ ಒಂದು ಫೋಟೊಗೆ ಶಾಯಿಯ ಖರ್ಚೇ 30 ರೂಪಾಯಿ. ಗ್ಲಾಸಿ ಕಾಗದದ ಬೆಲೆ ಮತ್ತು ಕೆಟ್ಟುಹೋದ ಪ್ರತಿಗಳದ್ದು ಬೇರೆ.

ಮರುಪ್ರಶ್ನೆ: ಹಾಗಾದರೆ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವುದು ಒಳ್ಳೆಯದೇ? ನಮ್ಮೂರಿನ ಲ್ಯಾಬ್‌ನಲ್ಲಿ ಇದೇ ಅಳತೆಗೆ 15 ರೂಪಾಯಿ ಕೇಳುತ್ತಾರೆ.

ಉತ್ತರ: ಮಕ್ಕಳ ಪ್ರಾಜೆಕ್ಟ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಮನೆಯ ಕಾಗದಪತ್ರ ಎಂದು ವಾರಕ್ಕೊಮ್ಮೆಯಾದರೂ ಮುದ್ರಿಸುವವರಿಗೆ ಟ್ಯಾಂಕ್ ಪ್ರಿಂಟರ್ ನಿಜವಾಗಿಯೂ ಅಗ್ಗ, ಏಕೆಂದರೆ ಅದರ ಟ್ಯಾಂಕಿಗೆ ಸುರಿಯಲು ಬಾಟಲಿಯಲ್ಲಿ ಬರುವ ಶಾಯಿಯ ಬೆಲೆ ತೀರಾ ಕಡಿಮೆ. ಆದರೆ ಹಬ್ಬಕ್ಕೊಮ್ಮೆ ಮುದ್ರಿಸುವ ಮನೆಯಲ್ಲಿ ನಾಜಲ್ ಒಣಗಿ ಕಟ್ಟಿಕೊಳ್ಳುತ್ತದೆ, ನಾಜಲ್‌ಗಳಿರುವ ಭಾಗವಾದ ಹೆಡ್ ಬದಲಿಸಬೇಕಾಗಿ ಬಂದರೆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ಅಗ್ಗದ ಶಾಯಿಯನ್ನು ಅಗ್ಗದ ಕಾಗದಕ್ಕೆ ಹಾಕಿದರೆ ಗೋಡೆಗೆ ತೂಗುಹಾಕಿದ ಫೋಟೊ ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ ಎಂಬುದನ್ನೂ ಗಮನಿಸಬೇಕು.

ಆಲ್ಬಮ್ಮಿಗೆ ಲ್ಯಾಬೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಿನಿಲ್ಯಾಬ್ ಯಂತ್ರಗಳು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಲೇಸರಿನಿಂದ ಚಿತ್ರ ಮೂಡಿಸಿ ರಾಸಾಯನಿಕದಲ್ಲಿ ತೊಳೆದು ತೆಗೆಯುತ್ತವೆ. ಅಂತಹ ಪ್ರತಿಗಳು ಆಲ್ಬಮ್ಮಿನೊಳಗೆ ದಶಕಗಳ ಕಾಲ ಉಳಿಯುತ್ತವೆ. ಕೆಲವು ಲ್ಯಾಬ್‌ಗಳಲ್ಲಿ ಈಗ ಇಂಕ್‌ಜೆಟ್ ಯಂತ್ರಗಳೇ ಇರುವುದರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ.

ಫೋಟೊಗಳನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಕುಗ್ಗುತ್ತವೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಿ ಅಥವಾ ಪೆನ್‌ಡ್ರೈವಿನಲ್ಲಿ ಕೊಡಿ. 4×6 ಅಳತೆಗೆ 1200×1800 ಪಿಕ್ಸೆಲ್ ಇದ್ದರೆ ಸಾಕು. ಮೊಬೈಲಿನ ಚಿತ್ರಗಳು ಸಾಮಾನ್ಯವಾಗಿ 4:3 ಅನುಪಾತದಲ್ಲಿದ್ದು ಈ ಹಾಳೆ 3:2 ಆಗಿರುವುದರಿಂದ, ಯಂತ್ರಕ್ಕೇ ಬಿಟ್ಟರೆ ಹಿಂದೆ ನಿಂತ ಅಜ್ಜನ ತಲೆಯೋ ತೊಟ್ಟಿಲಿನ ಅಂಚೋ ಕತ್ತರಿಸಿಹೋಗಬಹುದು. ಕ್ರಾಪ್ ಮಾಡುವ ಕೆಲಸವನ್ನು ನೀವೇ ಮುಗಿಸಿ ಕೊಡಿ.