‘ಬಿಡುಗಡೆಯಾಗದ ಹಾಡು’ ಸರಿಯೋ, ‘ಬಿಡುಗಡೆ ಮಾಡದ ಹಾಡು’ ಸರಿಯೋ?

ಪದಚರ್ಚೆಯ ಗೆಳೆಯರಿಗೆಲ್ಲ ನಮಸ್ಕಾರ.

ಅಮೆರಿಕದ ಹಾಡುಗಾರ ಪ್ರಿನ್ಸ್ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಬರಹ ಬರೆಯುತ್ತಿದ್ದೇನೆ. ಊರಿಗೆಲ್ಲ ಗೊತ್ತಿರುವ ಅವನ ಹಾಡುಗಳು ಅದರಲ್ಲಿ ಹೆಚ್ಚಿಗೆ ಬರುವುದಿಲ್ಲ. ಸ್ಟುಡಿಯೋದಲ್ಲಿ ಹಾಡಿ, ನುಡಿಸಿ, ಟೇಪಿಗೆ ಇಳಿಸಿ, ಆಮೇಲೆ ಹೊರಗೆ ಬಿಡದೆ ಇಟ್ಟುಕೊಂಡನಲ್ಲ, ಆ ಹಾಡುಗಳೇ ವಿಷಯ. ಅವುಗಳ ಹಿಂದೆ ಬಿದ್ದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವ ಅಭಿಮಾನಿಗಳ ಕಥೆಯೂ ಜೊತೆಗಿದೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಅನ್‌ರಿಲೀಸ್ಡ್’ ಅಂದುಬಿಟ್ಟರೆ ಮುಗಿಯಿತು. ಕನ್ನಡದಲ್ಲಿ ಏನು ಬರೆಯಬೇಕು ಅನ್ನುವುದೇ ನನ್ನ ಪ್ರಶ್ನೆ. ಸುಮ್ನೆ ಒಂದು ಪದ ಕೊಡಿ ಅಂತ ಕೇಳುತ್ತಿಲ್ಲ. ಯಾವ ಪದ ಹಾಕಿದರೆ ಏನು ಅರ್ಥ ಬರುತ್ತದೆ ಅನ್ನುವುದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಅದು ನಿಲ್ಲುತ್ತದೋ ಇಲ್ಲವೋ ನೀವು ನೋಡಿ ಹೇಳಬೇಕು.

‘ಅಪ್ರಕಟಿತ’ ಬೇಡ ಅನಿಸುತ್ತದೆ. ಕವಿತೆಗೆ, ಪತ್ರಕ್ಕೆ ಅದು ಚೆನ್ನ. ಹಾಡಿಗೆ ಹಾಕಿದರೆ ಸಾಹಿತ್ಯ ಅಚ್ಚಾಗಿಲ್ಲ ಅನ್ನುವ ಹಾಗೆ ಕೇಳುತ್ತದೆ. ಸಿನಿಮಾ ಪುಟಗಳಲ್ಲಿ ‘ತೆರೆ ಕಾಣದ ಚಿತ್ರ’, ‘ಡಬ್ಬದಲ್ಲೇ ಉಳಿದ ಚಿತ್ರ’ ಅಂತ ಬರೆಯುತ್ತಾರಲ್ಲ, ಆ ದಾರಿಯಲ್ಲಿ ‘ಬಿಡುಗಡೆ ಕಾಣದ ಹಾಡು’ ಅನ್ನಬಹುದು. ಆದರೆ ಡಬ್ಬದಲ್ಲಿ ಉಳಿಯಿತು ಅಂದ ಕೂಡಲೇ ನಿರ್ಮಾಪಕನ ದುಡ್ಡು ಮುಗಿಯಿತು, ವಿತರಕರು ಸಿಗಲಿಲ್ಲ ಅನ್ನುವ ಕಥೆ ಕಣ್ಣ ಮುಂದೆ ಬರುತ್ತದೆ. ಪಾಪ ಅನಿಸುತ್ತದೆ. ಪ್ರಿನ್ಸ್ ವಿಷಯದಲ್ಲಿ ಪಾಪ ಅನ್ನುವಂಥದ್ದು ಕಡಿಮೆ. ಬಹಳಷ್ಟು ಹಾಡುಗಳನ್ನು ಅವನೇ ಬೇಕಂತ ತಡೆದಿಟ್ಟ.

ಇಲ್ಲಿಗೆ ‘ಆಗದ’ ಮತ್ತು ‘ಮಾಡದ’ ಪ್ರಶ್ನೆ ಬಂತು. ‘ಬಿಡುಗಡೆಯಾಗದ ಹಾಡು’ ಅಂದರೆ ಅದು ತಾನಾಗಿ ಆಗಲಿಲ್ಲ, ಯಾರ ಕೈವಾಡವೂ ಇಲ್ಲ. ‘ಬಿಡುಗಡೆ ಮಾಡದ ಹಾಡು’ ಅಂದ ತಕ್ಷಣ ಯಾರು ಮಾಡಲಿಲ್ಲ ಅಂತ ಓದುಗ ಕೇಳುತ್ತಾನೆ. ಕೇಳಲೇಬೇಕು, ಏಕೆಂದರೆ ಇಡೀ ಕಥೆ ಅಲ್ಲೇ ಇದೆ.

1986ರಲ್ಲಿ ಅವನು 22 ಹಾಡುಗಳ, ಮೂರು ರೆಕಾರ್ಡ್ ತಟ್ಟೆಗಳ ಒಂದು ಆಲ್ಬಮ್ ಜೋಡಿಸಿದ. ಹೆಸರು ‘ಕ್ರಿಸ್ಟಲ್ ಬಾಲ್’. ಅವನ ಹಾಡುಗಳನ್ನು ಹೊರತರುತ್ತಿದ್ದ ವಾರ್ನರ್ ಬ್ರದರ್ಸ್ ಕಂಪನಿ ಮೂರು ತಟ್ಟೆ ಜಾಸ್ತಿಯಾಯಿತು ಅಂತ ಒಪ್ಪಲಿಲ್ಲ. ಅವನು ಕತ್ತರಿಸಿ, ಒಂದಿಷ್ಟು ಹೊಸದು ಸೇರಿಸಿ 16 ಹಾಡಿಗೆ ಇಳಿಸಿದ. ಅದೇ 1987ರ ಮಾರ್ಚ್‌ನಲ್ಲಿ ‘ಸೈನ್ ಓ ದ ಟೈಮ್ಸ್’ ಆಗಿ ಬಂತು. ಉಳಿದದ್ದು ಒಳಗೆ ಹೋಯಿತು. ಇದು ಕಂಪನಿ ಬಿಡಗೊಡದ ಹಾಡು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಆಲ್ಬಮ್, ಅಭಿಮಾನಿಗಳು ‘ಬ್ಲ್ಯಾಕ್ ಆಲ್ಬಮ್’ ಅನ್ನುವುದು, ಅಚ್ಚಾಗಿ ಅಂಗಡಿಗೆ ಹೋಗುವುದೊಂದೇ ಬಾಕಿ ಇತ್ತು. ಆಗ ಅವನೇ ಬೇಡ ಅಂದ. ಪ್ರತಿಗಳನ್ನು ನಾಶ ಮಾಡಿಸಿದರು. ಅಧಿಕೃತವಾಗಿ ಬಂದದ್ದು 1994ರ ನವೆಂಬರಿನಲ್ಲಿ. ಇದಕ್ಕೆ ‘ಹಿಂತೆಗೆದುಕೊಂಡ’ ಅನ್ನಬೇಕೋ, ‘ವಾಪಸ್ ಪಡೆದ’ ಅನ್ನಬೇಕೋ? 2010ರಲ್ಲಿ ‘ವೆಲ್‌ಕಮ್ 2 ಅಮೆರಿಕ’ ಅಂತ ಒಂದು ಪೂರ್ತಿ ಆಲ್ಬಮ್ ಮುಗಿಸಿದ. ಅದೇ ಹೆಸರಿಟ್ಟು ಊರೂರು ತಿರುಗಿ ಕಛೇರಿ ಮಾಡಿದ. ಆಲ್ಬಮ್ ಮಾತ್ರ ಬಿಡಲಿಲ್ಲ. ಯಾರೂ ತಡೆದಿರಲಿಲ್ಲ. ಇದು ಶುದ್ಧ ‘ಮಾಡದ’.

ಇನ್ನು ‘ವಾಲಿ’ ಅನ್ನುವ ಹಾಡಿದೆ. ಅವನ ಸ್ಟುಡಿಯೋ ಎಂಜಿನಿಯರ್ ಆಗಿದ್ದ ಸೂಸನ್ ರೋಜರ್ಸ್ ಇದರ ಕಥೆ ಹೇಳಿದ್ದಾರೆ. ಪ್ರೇಮ ಮುರಿದುಬಿದ್ದ ನೋವಿನಲ್ಲಿ ಅವನು ಹಾಡಿ ಮುಗಿಸಿದ. ಅವರಿಗೆ ಅದು ಬಹಳ ಹಿಡಿಸಿತ್ತು. ಮುಗಿದ ಮೇಲೆ ಪೂರ್ತಿ ಅಳಿಸಿಬಿಡು ಅಂದ. ಅವರು ಬೇಡ ಅಂತ ಕೇಳಿಕೊಂಡರು. ಕೊನೆಗೆ ಅವನೇ ಕೂತು, ದನಿ, ವಾದ್ಯಗಳು ಬೇರೆ ಬೇರೆಯಾಗಿ ದಾಖಲಾಗುವ ಆ ಟೇಪಿನ 24 ಟ್ರ್ಯಾಕನ್ನೂ ಅಳಿಸಿದ. ಆಮೇಲೆ ಅದೇ ಹಾಡನ್ನು ಬೇರೆ ಥರ ಮತ್ತೆ ಹಾಡಿದ. ಆ ಎರಡನೆಯದು 2020ರಲ್ಲಿ ಹೊರಗೆ ಬಂತು. ಮೊದಲನೆಯದು ಇನ್ನು ಎಲ್ಲೂ ಇಲ್ಲ. ಆದರೂ ಅಭಿಮಾನಿಗಳ ಪಟ್ಟಿಯಲ್ಲಿ ಅದೂ ‘ಅನ್‌ರಿಲೀಸ್ಡ್’! ಇಲ್ಲದ ಹಾಡನ್ನು ಬಿಡುಗಡೆಯಾಗದ ಹಾಡು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಅಳಿಸಿದ ಹಾಡು’ ಅಂತಲೇ ಬರೆಯುತ್ತೇನೆ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಅವನು 2016ರ ಏಪ್ರಿಲ್ 21ರಂದು ತೀರಿಹೋದ. 57 ವರ್ಷ. ಉಯಿಲು ಬರೆದಿರಲಿಲ್ಲ. ಆಮೇಲೆ ಅವನ ಆಸ್ತಿ ನೋಡಿಕೊಂಡವರು ಒಂದೊಂದಾಗಿ ಹಾಡುಗಳನ್ನು ಹೊರಗೆ ತಂದರು. 2020ರ ಒಂದೇ ಬಾಕ್ಸ್ ಸೆಟ್‌ನಲ್ಲಿ (ಹಲವು ತಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವ ಕಟ್ಟು) ಹಿಂದೆ ಬಾರದ 45 ಸ್ಟುಡಿಯೋ ಹಾಡುಗಳಿದ್ದವು. ಈಗ ಎರಡು ವಾಕ್ಯ ನೋಡಿ. ‘ಬಿಡುಗಡೆಯಾಗದ ಹಾಡುಗಳು ಬಿಡುಗಡೆಯಾದವು.’ ‘ಅವನು ಬಿಡುಗಡೆ ಮಾಡದ ಹಾಡುಗಳನ್ನು ಅವನು ಸತ್ತ ಮೇಲೆ ಬೇರೆಯವರು ಬಿಡುಗಡೆ ಮಾಡಿದರು.’ ಮೊದಲನೆಯದು ಪತ್ರಿಕಾ ಪ್ರಕಟಣೆ. ಎರಡನೆಯದರಲ್ಲಿ ನ್ಯಾಯದ ಪ್ರಶ್ನೆ ಇದೆ. ಆ ಹಾಡುಗಳನ್ನು ಆಸೆಯಿಂದ ಕೇಳುವವನು ನಾನು, ಬಿಡಬಾರದಿತ್ತು ಅಂತ ಹೇಳುತ್ತಿಲ್ಲ. ಆದರೆ ನಮ್ಮ ಭಾಷೆ ಈ ವ್ಯತ್ಯಾಸವನ್ನು ಇಷ್ಟು ಸಲೀಸಾಗಿ ತೋರಿಸುವಾಗ ಅದನ್ನು ಬಿಟ್ಟುಕೊಡಬಾರದು. ಯಾರು ತಡೆದರು ಅಂತ ಗೊತ್ತಿಲ್ಲದ ಕಡೆ ‘ಆಗದ’, ಗೊತ್ತಿದ್ದ ಕಡೆ ‘ಮಾಡದ’, ‘ತಡೆದ’, ‘ಬಿಡಗೊಡದ’. ಹೀಗೆ ಬರೆದರೆ ಹೇಗೆ?

ಅಂದ ಹಾಗೆ, ‘ಬಿಡುಗಡೆ’ ಪದ ಇವನಿಗೆ ಚೆನ್ನಾಗಿಯೇ ಒಪ್ಪುತ್ತದೆ. ಕಂಪನಿಯ ಜೊತೆ ಜಗಳವಾಗಿ ಕೆನ್ನೆ ಮೇಲೆ ‘ಗುಲಾಮ’ ಅಂತ ಬರೆದುಕೊಂಡು ತಿರುಗಿದವನು ಅವನು. ಕರಾರು ಮುಗಿದ ಮೇಲೆ 1996ರಲ್ಲಿ ತಂದ ಆಲ್ಬಮ್ಮಿನ ಹೆಸರಿನ ಅರ್ಥವೇ ಬಿಡುಗಡೆ.

ಮುಂದಿನದು ‘ವಾಲ್ಟ್’, ಅಂದರೆ ಅವನು ಟೇಪುಗಳನ್ನು ಇಟ್ಟಿದ್ದ ಭದ್ರವಾದ ಕೋಣೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ಮಿನಿಯಾಪೊಲಿಸ್ ಹತ್ತಿರದ ಚಾನ್‌ಹ್ಯಾಸನ್‌ನಲ್ಲಿ ಅವನ ಮನೆ ಮತ್ತು ಸ್ಟುಡಿಯೋ ಎರಡೂ ಆಗಿದ್ದ ಪೇಸ್ಲಿ ಪಾರ್ಕ್ ಇದೆ. ಅದರ ನೆಲದಡಿಯಲ್ಲಿ ಉಕ್ಕಿನ ಬಾಗಿಲಿನ ಕೋಣೆ. ಬೇರೆ ಬೇರೆ ಸ್ಟುಡಿಯೋಗಳಲ್ಲಿ ಚೆದುರಿಹೋಗಿದ್ದ ಟೇಪುಗಳನ್ನು ಒಂದು ಕಡೆ ಸೇರಿಸುವ ಕೆಲಸ ಶುರು ಮಾಡಿದವರು ಇದೇ ಸೂಸನ್ ರೋಜರ್ಸ್. ಅವನು ಸತ್ತ ಮೇಲೆ ಬಾಗಿಲು ಕೊರೆದು ತೆಗೆಯಬೇಕಾಯಿತು ಅಂತ ವರದಿಯಾಗಿತ್ತು. 2017ರಲ್ಲಿ ಟೇಪುಗಳನ್ನೆಲ್ಲ ಲಾಸ್ ಏಂಜಲಿಸ್‌ಗೆ ಸಾಗಿಸಿದರು.

‘ಖಜಾನೆ’ ಅಂದರೆ ಸರ್ಕಾರದ್ದು ಅನಿಸುತ್ತದೆ. ‘ತಿಜೋರಿ’ ಅಂದರೆ ಅಂಗಡಿ ಸೇಟುಗಳ ಕಬ್ಬಿಣದ ಪೆಟ್ಟಿಗೆ. ‘ಭಂಡಾರ’ ಪರವಾಗಿಲ್ಲ, ಆದರೆ ಅದರಲ್ಲಿ ಬಚ್ಚಿಟ್ಟ ಅರ್ಥ ಇಲ್ಲ. ನನಗೆ ಹೊಳೆದದ್ದು ‘ಹಗೇವು’. ಬಯಲುಸೀಮೆಯವರಿಗೆ ಗೊತ್ತಿರುತ್ತದೆ. ನೆಲದೊಳಗೆ ಅಗೆದು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ತೆಗೆಯುತ್ತಿದ್ದರು. ನೆಲದಡಿ, ಬಾಯಿ ಮುಚ್ಚಿದ್ದು, ಮುಂದಕ್ಕೆ ಅಂತ ಇಟ್ಟದ್ದು, ತೇವ ಹೊಕ್ಕರೆ ಕೆಡುವಂಥದ್ದು. ಎಲ್ಲವೂ ಹೊಂದುತ್ತದೆ.

ತೇವದ ಮಾತು ಸುಮ್ನೆ ಹೇಳಿದ್ದಲ್ಲ. 1970ರ, 80ರ ದಶಕದ ಎಷ್ಟೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಅಂಟು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಪಟ್ಟಿ ಕೀರಲು ಸದ್ದು ಮಾಡುತ್ತದೆ, ಅಂಟು ಕಿತ್ತು ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆ ಹಾಡೂ ಹೋಗುತ್ತದೆ. ಅದಕ್ಕೆ ಟೇಪನ್ನು ಐವತ್ತು ಡಿಗ್ರಿ ಆಸುಪಾಸಿನ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಆರಿಸಿ, ಆಮೇಲೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಇಂಗ್ಲಿಷಿನವರು ಇದಕ್ಕೆ ‘ಬೇಕಿಂಗ್’ ಅನ್ನುತ್ತಾರೆ. ‘ಬೇಯಿಸುವುದು’ ಅಂದರೆ ನೀರು ಬಂತು, ‘ಸುಡುವುದು’ ಅಂದರೆ ಟೇಪೇ ಹೋಯಿತು. ‘ಟೇಪಿಗೆ ಕಾವು ಕೊಡುವುದು’ ಅಂತ ಬರೆದಿದ್ದೇನೆ. ಇದಕ್ಕೆ ತಕರಾರು ಇದ್ದವರು ಹೇಳಿ.

ಅಭಿಮಾನಿಗಳ ಮಾತಿಗೆ ಬರುತ್ತೇನೆ. ಪತ್ರಿಕೆಯವರು ಇದನ್ನೆಲ್ಲ ‘ಊಹಾಪೋಹ’ ಅಂತ ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ಆದರೆ ಸಂಸ್ಕೃತದಲ್ಲಿ ಊಹಾಪೋಹ ಅಂದರೆ ಪರ ವಿರೋಧ ಎರಡನ್ನೂ ತೂಗಿ ನೋಡುವುದು. ಕನ್ನಡಕ್ಕೆ ಬಂದು ಬಂದು ಗಾಳಿಸುದ್ದಿಯ ಮಟ್ಟಕ್ಕೆ ಇಳಿದಿದೆ. ಈ ಅಭಿಮಾನಿಗಳು ಮಾಡುವ ಕೆಲಸ ನಿಜವಾಗಿ ಹಳೆಯ ಅರ್ಥದ್ದು. ಎಂಜಿನಿಯರುಗಳು, ವಾದ್ಯದವರು ಸಂದರ್ಶನಗಳಲ್ಲಿ ಹೇಳಿದ್ದನ್ನು ಹಿಡಿದು, ಸ್ಟುಡಿಯೋದ ತಾರೀಖುಗಳ ಜೊತೆ ತಾಳೆ ನೋಡಿ, ಈ ಹಾಡು ಇರಲೇಬೇಕು, ಅದು ಇರಲಾರದು ಅಂತ ತರ್ಕ ಮಾಡುತ್ತಾರೆ.

ಅವರಲ್ಲಿ ದರ್ಜೆಗಳೂ ಇವೆ. ಎಲ್ಲರೂ ಕೇಳಿರುವ ಕಳ್ಳ ಪ್ರತಿ ಒಂದು. ಕೆಲವೇ ಸಂಗ್ರಾಹಕರ ಕೈಯಲ್ಲಿರುವುದು ಇನ್ನೊಂದು. ಹೆಸರು ಮಾತ್ರ ಗೊತ್ತಿದ್ದು ಯಾರೂ ಕೇಳದ್ದು ಮತ್ತೊಂದು. ಮೊದಲನೆಯದಕ್ಕೆ ‘ಚಲಾವಣೆಯಲ್ಲಿದೆ’ ಅನ್ನುವುದು ಒಪ್ಪುತ್ತದೆ, ನೋಟಿಗೆ ಹೇಳುವ ಹಾಗೆ. ಉಳಿದದ್ದಕ್ಕೆ ಕನ್ನಡದಲ್ಲಿ ಬೇರೆ ಪದವೇ ಬೇಡ. ‘ಇದೆ’, ‘ಇದೆಯಂತೆ’, ‘ಇತ್ತಂತೆ’, ‘ಇರಬಹುದು’. ಎಲ್ಲ ಕ್ರಿಯಾಪದದ ಬಾಲದಲ್ಲೇ ಇದೆ, ಅಲ್ವಾ? 1986ರ ಸುಮಾರಿಗೆ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ಒಂದು ಹಾಡು ಮಾಡಿದ್ದನಂತೆ ಅನ್ನುವ ಮಾತು ಎಷ್ಟೋ ವರ್ಷ ಓಡಾಡಿತ್ತು. 2020ರ ಆ ಬಾಕ್ಸ್ ಸೆಟ್‌ನಲ್ಲಿ ಹಾಡೇ ಬಂತು. ‘ಅಂತೆ’ ಬಿದ್ದುಹೋಯಿತು. ಒಳಗೆ ಇರುವುದನ್ನು ವರ್ಷಕ್ಕೊಂದು ಆಲ್ಬಮ್ಮಿನ ಹಾಗೆ ಬಿಟ್ಟರೂ ನೂರು ವರ್ಷ ಸಾಲುತ್ತದಂತೆ ಅನ್ನುವುದು ಮಾತ್ರ ಇನ್ನೂ ‘ಅಂತೆ’ಯಲ್ಲೇ ಇದೆ.

ನನ್ನ ತೊಡಕು ಏನೆಂದರೆ, ಗಂಭೀರ ಬರಹದಲ್ಲಿ ‘ಅಂತೆ’ ಬರೆದರೆ ಸಂಪಾದಕರು ‘ಎನ್ನಲಾಗಿದೆ’ ಅಂತ ತಿದ್ದುತ್ತಾರೆ. ‘ಎನ್ನಲಾಗಿದೆ’ ಅನ್ನುವುದು ತೂಕವಾಗಿ ಕೇಳುತ್ತದೆ, ಆದರೆ ‘ನಾನು ಕಂಡಿಲ್ಲ, ಕೇಳಿದ್ದು’ ಅನ್ನುವ ಪ್ರಾಮಾಣಿಕತೆ ಅದರಲ್ಲಿಲ್ಲ. ‘ಅಂತೆ’ಯನ್ನು ಬರಹದಲ್ಲಿ ಉಳಿಸಿಕೊಳ್ಳಲು ನಿಮ್ಮಲ್ಲಿ ಯಾರಿಗಾದರೂ ಒಳ್ಳೆಯ ಆಧಾರ ಸಿಕ್ಕಿದ್ದರೆ ಕಳಿಸಿ.

ಚಿಕ್ಕಪುಟ್ಟವು ಇನ್ನೂ ಮೂರಿವೆ. ‘ಬೂಟ್‌ಲೆಗ್’ (ಹೊರಗೆ ಬಿಡದ ಹಾಡಿನ ಕಳ್ಳ ಪ್ರತಿ) ಪದ ಹೆಂಡದ ಕಳ್ಳಸಾಗಣೆಯಿಂದ ಹಾಡಿಗೆ ಬಂದದ್ದು, ಹಾಗಾಗಿ ‘ಕಳ್ಳಬಟ್ಟಿ ಹಾಡು’ ಅನ್ನುವ ಆಸೆ ಇದೆ. ಅಂಗಡಿಯಲ್ಲಿ ಸಿಗುವುದನ್ನು ನಕಲು ಮಾಡಿ ಮಾರುವ ಪೈರಸಿಗಿಂತ ಇದು ಬೇರೆ ಅಂತಲೂ ಗೊತ್ತಾಗುತ್ತದೆ. 1983ರಲ್ಲಿ ಅವನೊಬ್ಬನೇ ಪಿಯಾನೊ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಕೊಂಡದ್ದು 2018ರಲ್ಲಿ ಬಂತು. ಅದಕ್ಕೆ ನಾಟಕದವರ ‘ತಾಲೀಮು’ ಸಾಕು. ಬೇರೆ ಗಾಯಕರು ಕೇಳಿ ಕಲಿತು ಹಾಡಲಿ ಅಂತ ತಾನು ಮೊದಲು ಹಾಡಿಟ್ಟದ್ದನ್ನು 2019ರಲ್ಲಿ ‘ಒರಿಜಿನಲ್ಸ್’ ಅಂತ ತಂದರು. ಅಭಿಮಾನಿಗಳು ಅದಕ್ಕೆ ಡೆಮೊ ಅನ್ನುತ್ತಾರೆ. ನಮ್ಮ ಸಿನಿಮಾದವರು ‘ಟ್ರ್ಯಾಕ್ ಹಾಡುವುದು’ ಅನ್ನುತ್ತಾರಲ್ಲ, ಕೆಲಸ ಅದೇ. ಹಾಗೇ ಬರೆಯುತ್ತೇನೆ.

‘ಹಗೇವು’ ವಿಷಯದಲ್ಲಿ ಮಾತ್ರ ನಿಮ್ಮ ಸಹಾಯ ಬೇಕೇ ಬೇಕು. ಮಲೆನಾಡು, ಕರಾವಳಿ, ಕಲಬುರಗಿ ಕಡೆಯ ಗೆಳೆಯರೇ, ವಿವರಣೆ ಇಲ್ಲದೆ ಈ ಪದ ನಿಮ್ಮಲ್ಲಿ ಅರ್ಥವಾಗುತ್ತದೆಯೇ? ಅದಕ್ಕೆ ನಿಮ್ಮ ಕಡೆ ಬೇರೆ ಹೆಸರು ಇದ್ದರೆ ಊರಿನ ಹೆಸರಿನ ಸಮೇತ ಬರೆಯಿರಿ.