ಮೀಥೈಲ್ + ಐಸೋಬ್ಯೂಟೇನ್: ಅರ್ಹೀನಿಯಸ್ ಗೆರೆಯ ತಣ್ಣನೆ ತುದಿ ಮೇಲಕ್ಕೆ ಏಳ್ತಿದೆ

ಗಾಜುಕುಲುಮೆ (ದಾವಣಗೆರೆ)
ತಲೆ ಕೆಟ್ಟುಹೋಗಿದೆ. ಅಸಿಟೋನ್ ಬೆಳಕಿನಲ್ಲಿ ಒಡೆದು ಮೀಥೈಲ್ ರ‍್ಯಾಡಿಕಲ್, ಅದು ಐಸೋಬ್ಯೂಟೇನಿನ ಹೈಡ್ರೋಜನ್ ಕಿತ್ತು ಮೀಥೇನ್ ಆಗೋ ವೇಗ ಅಳೀತಿದೀನಿ. ಮಾಮೂಲಿ ವಿಧಾನವೇ: ಮೀಥೇನ್ ವೇಗವನ್ನ ಈಥೇನ್ (ಎರಡು ಮೀಥೈಲ್ ಜೋಡಿಯಾದದ್ದು) ವೇಗದ ವರ್ಗಮೂಲದಿಂದ, ಆಮೇಲೆ ಐಸೋಬ್ಯೂಟೇನ್ ಸಾಂದ್ರತೆಯಿಂದ ಭಾಗಿಸೋದು. ಅದರ ಲಾಗ್ ಅನ್ನ 1/ತಾಪಮಾನದ ಎದುರು ಎಳೆದ್ರೆ ಅರ್ಹೀನಿಯಸ್ ಗೆರೆ, ಅದರ ಇಳಿಜಾರಿಂದ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯೋಕೆ ದಾಟಬೇಕಾದ ಶಕ್ತಿ). ಅದು ಮೋಲಿಗೆ ಸುಮಾರು 8 ಕಿಲೋಕ್ಯಾಲರಿ ಬರಬೇಕಾದ ಕಡೆ 5.5 ಬರ್ತಿದೆ. 200 ಡಿಗ್ರಿ ಮೇಲೆ ಬಿಂದುಗಳು ಸರಿ, 140ರಿಂದ ಕೆಳಗೆ ಮೀಥೇನ್ ಜಾಸ್ತಿ. ಚಳಿಗಾಲದಲ್ಲಿ ಇದೇ ಸೆಟಪ್ಪಲ್ಲಿ ಗೆರೆ ನೆಟ್ಟಗಿತ್ತು.

ಟೋಪ್ಲರ್
ಅಸಿಟೋನ್ ಒಂದನ್ನೇ ಹಾಕಿ ಬ್ಲಾಂಕ್ (ಹೋಲಿಕೆಯ ರನ್) ತೆಗೆದಿದೀರಾ? ಅಸಿಟೋನಿನಿಂದಲೂ ಮೀಥೈಲ್ ಹೈಡ್ರೋಜನ್ ಕೀಳುತ್ತೆ, ಅದರ ಸಕ್ರಿಯಣ ಶಕ್ತಿ 9.7 ಕಿಲೋಕ್ಯಾಲರಿ. ಪ್ರತಿ ತಾಪಮಾನದಲ್ಲೂ ಅದನ್ನ ಕಳೀಬೇಕು. ಒತ್ತಡ ಎಷ್ಟು, ಎಷ್ಟು ಶೇಕಡಾ ಪರಿವರ್ತನೆಗೆ ನಿಲ್ಲಿಸ್ತೀರಿ, ಯಾವ ಡಿಟೆಕ್ಟರ್? ಏನೂ ಬರೆದಿಲ್ಲವಲ್ರೀ.

ಗಾಜುಕುಲುಮೆ
ಬ್ಲಾಂಕ್ ಕಳೆದೇ ಹೇಳಿದ್ದು. ಅಸಿಟೋನ್ 40 ಟಾರ್, ಐಸೋಬ್ಯೂಟೇನ್ 60 ಟಾರ್, ಪರಿವರ್ತನೆ ಶೇ. 1ರ ಒಳಗೆ. ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಎಫ್‌ಐಡಿ, ಅಂದ್ರೆ ಜ್ವಾಲೆಯ ಡಿಟೆಕ್ಟರ್.

ಕೋಟೆಕಲ್ಲು (ಚಿತ್ರದುರ್ಗ)
ಇದು ಅಸಿಟೈಲ್, ಬೇರೆ ಏನೂ ಅಲ್ಲ. ಅಸಿಟೋನಿನಿಂದ ಒಂದು ಮೀಥೈಲ್ ಹೋದ್ಮೇಲೆ ಉಳಿಯೋ ತುಣುಕು ಅದು, ಒಡೆದ್ರೆ ಇನ್ನೊಂದು ಮೀಥೈಲ್ ಮತ್ತು ಕಾರ್ಬನ್ ಮೊನಾಕ್ಸೈಡ್. 120 ಡಿಗ್ರಿ ಆಸುಪಾಸಿಗಿಂತ ಕೆಳಗೆ ಅಸಿಟೈಲ್ ಪೂರ್ತಿ ಒಡೆಯಲ್ಲ. ಉಳಿದದ್ದು ಮೀಥೈಲ್ ಜೊತೆ ಸೇರಿ ಮೀಥೇನ್ ಮತ್ತು ಕೀಟೀನ್ ಕೊಡುತ್ತೆ. ಅಸಿಟೋನ್ ಬದಲು ಅಸಿಟೈಲ್ ಕೊಡದ ಅಜೋಮೀಥೇನ್ ಹಾಕಿ 366 ನ್ಯಾನೋಮೀಟರಿನಲ್ಲಿ ಮಾಡಿ, ಮುಗೀತು.

ಟೋಪ್ಲರ್
ಅಸಿಟೈಲ್ ಆಗಿದ್ರೆ ಬ್ಲಾಂಕಿನಲ್ಲೂ ಇರಬೇಕಲ್ಲ ಸರ್? ಚಳಿಗಾಲದಲ್ಲಿ ಯಾಕಿರಲಿಲ್ಲ?

ಕೋಟೆಕಲ್ಲು
ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ಹಾಕಲಿ, ಆಮೇಲೆ ಮಾತಾಡೋಣ.

ವೋಲ್ಟೇಜ್_ವಿದ್ಯಾನಗರ
ಬೇಸಿಗೇಲಿ ಇಲ್ಲಿ ಕರೆಂಟು ಏರಿಳಿಯುತ್ತೆ. ಸರ್ವೋ ಸ್ಟೆಬಿಲೈಜರ್ ಹಾಕಿ. ನಮ್ಮಲ್ಲಿ ಲ್ಯಾಂಪ್, ಕುಲುಮೆ ಎರಡೂ ಯುಪಿಎಸ್ ಮೇಲಿವೆ. ಕುಲುಮೆ ಒಳಗೆ ಅಲ್ಯೂಮಿನಿಯಂ ಬ್ಲಾಕ್, ಅರ್ಧ ಡಿಗ್ರಿನೂ ಅಲ್ಲಾಡಲ್ಲ. ಗ್ರೀಸ್ ಇಲ್ಲದ ಟೆಫ್ಲಾನ್ ಕಾಕು (ಕೊಳವೆಯ ತಿರುಪು ನಲ್ಲಿ), ಟರ್ಬೋ ಪಂಪು.

ಟೋಪ್ಲರ್
ಸೆಟಪ್ ಚೆನ್ನಾಗಿದೆ, ಕಾರಣ ಅದಲ್ಲ. ಈಥೇನ್ ಬೆಳಕಿನ ತೀವ್ರತೆಗೆ, ಮೀಥೇನ್ ಅದರ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. ರನ್ ಮಧ್ಯೆ ಬೆಳಕು ಏರಿಳಿದ್ರೆ ಲೆಕ್ಕದ ಅನುಪಾತ ಕೊಂಚ ಕಡಿಮೆ ಬರುತ್ತೆ, ಜಾಸ್ತಿ ಬರಲ್ಲ. ಗಾಜುಕುಲುಮೆಯವರೇ, ಲ್ಯಾಂಪ್ ಯಾವುದು? ಒತ್ತಡ ಯಾವುದರಲ್ಲಿ ಅಳೀತೀರಿ?

ಗಾಜುಕುಲುಮೆ
ಪಾದರಸದ ಮ್ಯಾನೋಮೀಟರ್. ಮೀಡಿಯಂ ಪ್ರೆಶರ್ ಲ್ಯಾಂಪ್ ಫೆಬ್ರವರಿಯಲ್ಲಿ ಹೋಯ್ತು. ಈಗ ವಾಟರ್ ಪ್ಯೂರಿಫೈಯರಿನ ಯುವಿ ಟ್ಯೂಬ್. ಅಸಿಟೋನ್ 254 ನ್ಯಾನೋಮೀಟರಿನಲ್ಲೂ ಬೆಳಕು ಹೀರುತ್ತಲ್ಲ?

ಟೋಪ್ಲರ್
ಸಿಕ್ತು. ಅದು ಲೋ ಪ್ರೆಶರ್ ಟ್ಯೂಬ್. 253.7ರ ಗೆರೆ ಸಣ್ಣಗೆ, ಚೂಪಾಗಿ ಬರುತ್ತೆ, ಪಾದರಸದ ಪರಮಾಣು ಹೀರೋದೂ ನಿಖರವಾಗಿ ಅದನ್ನೇ. ಮೀಡಿಯಂ ಪ್ರೆಶರ್ ಲ್ಯಾಂಪಿನಲ್ಲಿ ಆ ಗೆರೆಯ ನಡುಭಾಗ ಲ್ಯಾಂಪಿನೊಳಗೇ ಹೀರಿಹೋಗಿರುತ್ತೆ, ಅದಕ್ಕೇ ಆಗ ಕಾಟ ಕಡಿಮೆ. ಜೊತೆಗೆ ಬಿಸಿಲು: ಪಾದರಸದ ಆವಿ ಒತ್ತಡ 20 ಡಿಗ್ರಿಯಲ್ಲಿ 0.0012 ಟಾರ್, 40 ಡಿಗ್ರಿಯಲ್ಲಿ 0.006. ಐದು ಪಟ್ಟು. ಅದು ಮ್ಯಾನೋಮೀಟರಿಂದ ನೇರ ಸೆಲ್ಲಿಗೆ ಹೋಗುತ್ತೆ.

ಬೆಳಕು ಹೀರಿ ಉದ್ರಿಕ್ತವಾದ ಪಾದರಸ ಐಸೋಬ್ಯೂಟೇನನ್ನ ಒಡೆದು ಟರ್ಷರಿ ಬ್ಯೂಟೈಲ್ ಮಾಡುತ್ತೆ. ಮೀಥೈಲ್ ಅದರಿಂದ ಒಂದು ಹೈಡ್ರೋಜನ್ ಕಿತ್ತರೆ ಮೀಥೇನ್ ಮತ್ತು ಐಸೋಬ್ಯೂಟೀನ್. ಈ ಮೀಥೇನಿಗೆ ತಾಪಮಾನ ಹೆಚ್ಚುಕಡಿಮೆ ಬೇಕಿಲ್ಲ, ಆದ್ದರಿಂದ ನಿಜವಾದ ಮೀಥೇನ್ ಕಡಿಮೆ ಇರೋ ತಣ್ಣನೆ ತುದಿಯಲ್ಲೇ ಎದ್ದು ಕಾಣುತ್ತೆ. ಜೊತೆಗೆ ಹುಟ್ಟೋ ಹೈಡ್ರೋಜನ್ ಅನಿಲ ಎಫ್‌ಐಡಿಗೆ ಕಾಣೋದೇ ಇಲ್ಲ. ಅಸಿಟೋನ್ ಬ್ಲಾಂಕಿನಲ್ಲಿ ಐಸೋಬ್ಯೂಟೇನ್ ಇಲ್ಲ, ಹಾಗಾಗಿ ಅಲ್ಲೂ ಇದು ಸಿಗಲ್ಲ.

ಪರೀಕ್ಷೆ ಸುಲಭ. ಅಸಿಟೋನ್ ಬಿಟ್ಟು ಐಸೋಬ್ಯೂಟೇನ್ 60 ಟಾರ್ ಮಾತ್ರ ತುಂಬಿ, ಟ್ಯೂಬ್ ಹಚ್ಚಿ. ಐಸೋಬ್ಯೂಟೇನ್ ತಾನಾಗಿ 254ರಲ್ಲಿ ಹೀರಲ್ಲ. ಐಸೋಬ್ಯೂಟೀನ್ ಅಥವಾ ಟೆಟ್ರಾಮೀಥೈಲ್‌ಬ್ಯೂಟೇನ್ (ಎರಡು ಟರ್ಷರಿ ಬ್ಯೂಟೈಲ್ ಸೇರಿದ್ದು) ಬಂದ್ರೆ ಪಾದರಸವೇ.

ವೋಲ್ಟೇಜ್_ವಿದ್ಯಾನಗರ
ಮ್ಯಾನೋಮೀಟರ್ ಮತ್ತು ಸೆಲ್ ನಡುವೆ ಡ್ರೈ ಐಸ್ ಟ್ರ್ಯಾಪ್ ಇಟ್ರೆ ಸಾಕಲ್ವಾ?

ಟೋಪ್ಲರ್
ಸಾಲಲ್ಲ. ಮೈನಸ್ 78ರಲ್ಲಿ ಅಸಿಟೋನ್ ಟ್ರ್ಯಾಪಿನಲ್ಲೇ ಕೂರುತ್ತೆ, ಐಸೋಬ್ಯೂಟೇನ್ ಆವಿ ಒತ್ತಡವೂ ಸುಮಾರು 20 ಟಾರ್ ಅಷ್ಟೇ, 60 ಹೇಗೆ ತುಂಬ್ತೀರಿ? ಗಾಜಿನ ಯು ಕೊಳವೆಯಲ್ಲಿ ಚಿನ್ನದ ರೇಕು ಸಡಿಲವಾಗಿ ತುಂಬಿ, ಪಾದರಸ ಅದಕ್ಕೆ ಅಂಟಿಕೊಳ್ಳುತ್ತೆ. ಸೆಲ್ಲಿನ ಹಳೇ ಪಾದರಸ ಹೋಗೋಕೆ ಬಿಸಿ ಮಾಡಿ ರಾತ್ರಿಯಿಡೀ ಪಂಪ್ ಮಾಡಿ. ಆಗೋದಾದ್ರೆ ಪಾದರಸವಿಲ್ಲದ ಕೆಪ್ಯಾಸಿಟೆನ್ಸ್ ಗೇಜ್ ಹಾಕಿ ಮ್ಯಾನೋಮೀಟರ್ ತೆಗೆದೇಬಿಡಿ.

ಆವರಗೆರೆ_ಜಿಸಿ
ಕಾಕಿನ ಗ್ರೀಸ್ ಬಗ್ಗೆ ಯಾರೂ ಕೇಳ್ಲಿಲ್ಲ. ಗ್ರೀಸ್ ಐಸೋಬ್ಯೂಟೇನನ್ನ ಹೀರಿ ಮುಂದಿನ ರನ್ನಿಗೆ ಬಿಡುತ್ತೆ. ಇನ್ನೊಂದು: ಇಳಿಜಾರಿಗೆ 4.576 (ಅನಿಲ ಸ್ಥಿರಾಂಕ 1.987 × 2.303) ಗುಣಿಸಿದ್ರಾ? ಲಾಗ್ 10 ಹಾಕಿ 1.987 ಗುಣಿಸೋರು ಬಹಳ ಜನ.

ಕೋಟೆಕಲ್ಲು
ಅದಾಗಿದ್ರೆ 8 ಇದ್ದದ್ದು 3.5 ಆಗ್ತಿತ್ತು, 5.5 ಅಲ್ಲ. ಗೆರೆ ಬಾಗ್ತಾನೂ ಇರಲಿಲ್ಲ. ಕಿಲೋಜೂಲಿನಲ್ಲಿ ಬರೀರಿ ಅಂದ್ರೆ ಯಾರೂ ಕೇಳಲ್ಲ.

ಆವರಗೆರೆ_ಜಿಸಿ
1950ರ ದಶಕದ ಕೋಷ್ಟಕಗಳೆಲ್ಲ ಕ್ಯಾಲರಿಯಲ್ಲೇ ಇವೆ, ಹೋಲಿಸೋಕೆ ಅದೇ ಸಲೀಸು. ಮೀಥೈಲ್ ಜೋಡಣೆಗೆ ಶೆಪ್ 1956ರಲ್ಲಿ ಕೊಟ್ಟ 2.2 × 10¹³ ಘನ ಸೆಂ.ಮೀ./ಮೋಲ್/ಸೆಕೆಂಡ್ ಹಾಕಿದ್ರೆ ನೇರ ವೇಗಾಂಕ ಸಿಗುತ್ತೆ.

ಗಾಜುಕುಲುಮೆ
ಐಸೋಬ್ಯೂಟೇನ್ ಮಾತ್ರ ಹಾಕಿದ್ರೂ ಐಸೋಬ್ಯೂಟೀನ್ ಪೀಕ್ ಬಂತು. ಮೀಡಿಯಂ ಪ್ರೆಶರ್ ಲ್ಯಾಂಪ್ ಎರವಲು ತಂದು ಪೈರೆಕ್ಸ್ ಗಾಜು ಅಡ್ಡ ಇಟ್ಟೆ, 254 ಪೂರ್ತಿ ಕಟ್. ಈಗ 7.6. ಆದ್ರೆ 110 ಡಿಗ್ರಿ ಬಿಂದು ಇನ್ನೂ ಸ್ವಲ್ಪ ಮೇಲಿದೆ.

ಕೋಟೆಕಲ್ಲು
ಆ ಒಂದು ಬಿಂದು ಅಸಿಟೈಲಿನದು, ಮೊದಲೇ ಹೇಳಿದ್ನಲ್ಲ. ಬ್ಲಾಂಕಿನಲ್ಲೂ ಅದೇ ಬಿಂದು ಎದ್ದಿದೆಯಾ ನೋಡಿ, 110 ಮತ್ತು 150ರಲ್ಲಿ ಮೊನಾಕ್ಸೈಡ್ ಅಳೆದು ಹಾಕಿ.

ಟೋಪ್ಲರ್
ಅದು ಸರಿ. ಬೆಳಕನ್ನ ತಂತಿ ಜಾಲರಿಯಿಂದ ಕಾಲುಭಾಗಕ್ಕೆ ಇಳಿಸಿಯೂ ಒಂದು ರನ್ ತೆಗೀರಿ. ರ‍್ಯಾಡಿಕಲ್ಲುಗಳು ಪರಸ್ಪರ ಸೇರಿ ಬರೋ ಮೀಥೇನ್ ಆದ್ರೆ ಅನುಪಾತ ಕೆಳಗಿಳಿಯುತ್ತೆ. ಇಳಿಯದಿದ್ರೆ ಬೇರೆ ಕಾರಣ ಹುಡುಕಬೇಕು.