ಬೋರ್‌ವೆಲ್ ಪಂಪ್ ಬೋರ್ಡಿಗೆ ಎಸ್‌ಎಂಡಿ ಹಾಕಲೇ, ಥ್ರೂ-ಹೋಲ್ ಸಾಕೇ?

ಪ್ಯಾನೆಲ್_ಕಲಬುರಗಿ
ಎಲ್ಲರಿಗೂ ನಮಸ್ಕಾರ. ನಾನು ಮೋಟರ್ ಸ್ಟಾರ್ಟರ್ ಪ್ಯಾನೆಲ್ ಮಾಡುತ್ತೇನೆ. ಬೋರ್ ಒಣಗಿದರೆ, ಇಲ್ಲವೇ ಮೂರು ಫೇಸ್‌ನಲ್ಲಿ ಒಂದು ಹೋದರೆ ಮೋಟರ್ ತಾನೇ ನಿಲ್ಲಬೇಕು, ಅಂಥದ್ದೊಂದು ಬೋರ್ಡ್ ಡಿಸೈನ್ ಮಾಡಿದ್ದೇನೆ. ಮೊದಲಿಗೆ 50 ಬೋರ್ಡ್ ಬೇಕು. ಎಟಿಟೈನಿ85 (ಪ್ರೋಗ್ರಾಂ ಹಾಕುವ ಮೈಕ್ರೋಕಂಟ್ರೋಲರ್ ಐಸಿ), ಎಲ್‌ಎಂ358 (ಆಪ್-ಆಂಪ್ ಐಸಿ), 7805 (5 ವೋಲ್ಟ್ ರೆಗ್ಯುಲೇಟರ್), ಎರಡು ರಿಲೇ, ಚಿಕ್ಕ ಟ್ರಾನ್ಸ್‌ಫಾರ್ಮರ್, ಒಂದಷ್ಟು ರೆಸಿಸ್ಟರ್. ಈಗ ಎಲ್ಲಾ ಥ್ರೂ-ಹೋಲ್, ಅಂದ್ರೆ ಕಾಲನ್ನು ಬೋರ್ಡಿನ ತೂತಿಗೆ ತೂರಿಸಿ ಬೆಸುಗೆ ಹಾಕುವಂಥವು. ಪಿಸಿಬಿ ಮಾಡಿಕೊಡುವವರು "ಎಸ್‌ಎಂಡಿ (ತೂತಿಲ್ಲದೆ ಬೋರ್ಡಿನ ಮೇಲೇ ಬೆಸುಗೆ ಹಾಕುವ ಚಿಕ್ಕ ಪಾರ್ಟ್) ಮಾಡಿ, ಬೋರ್ಡ್ ಅರ್ಧ ಆಗುತ್ತೆ" ಅಂತಾರೆ. ಬೆಸುಗೆ ಹಾಕೋದು ನಾನು ಮತ್ತು ಇಬ್ಬರು ಐಟಿಐ ಹುಡುಗರು, ಇರೋದು ಸೋಲ್ಡರಿಂಗ್ ಐರನ್ ಮಾತ್ರ. ಹಾಳಾದರೆ ಆಳಂದ, ಸೇಡಂ ಕಡೆ ಮೆಕ್ಯಾನಿಕ್ಕೇ ರಿಪೇರಿ ಮಾಡಬೇಕು. ಏನು ಮಾಡಲಿ?

ಬೀದರ್_ಬೆಸುಗೆ
ಅಣ್ಣ, ನಿಮ್ಮ ಬೋರ್ಡ್ ಅರ್ಧ ಆಗಲ್ಲ. ಜಾಗ ತಿನ್ನುವುದು ರಿಲೇ, ಟ್ರಾನ್ಸ್‌ಫಾರ್ಮರ್ ಮತ್ತು ವೈರ್ ಕಟ್ಟುವ ಸ್ಕ್ರೂ ಕನೆಕ್ಟರ್. ಅವು ಹೇಗೂ ಥ್ರೂ-ಹೋಲ್ ಆಗೇ ಇರಬೇಕು, ಯಾಕಂದ್ರೆ ವೈರ್‌ಮನ್ ಸ್ಕ್ರೂಡ್ರೈವರ್ ಒತ್ತಿ ತಿರುಗಿಸುವಾಗ ಆ ಜೋರನ್ನು ತಡೆಯೋದು ತೂತಿನೊಳಗಿನ ಕಾಲು.

ಆದರೆ ಚಿಕ್ಕ ರೆಸಿಸ್ಟರ್, ಕೆಪ್ಯಾಸಿಟರ್ ಎಸ್‌ಎಂಡಿ ಮಾಡಿ. ಅದರಿಂದ ಕೈಕೆಲಸ ಉಳಿತಾಯ ಆಗುತ್ತೆ. ಕಾಲು ಬಗ್ಗಿಸಿ, ತೂರಿಸಿ, ಬೋರ್ಡ್ ತಿರುವಿ, ಬೆಸುಗೆ ಹಾಕಿ, ಮತ್ತೆ ಕಾಲು ಕತ್ತರಿಸುವ ಕೆಲಸ 50 ಬೋರ್ಡಿಗೆ ಎಷ್ಟಾಗುತ್ತೆ ನೀವೇ ನೋಡಿ. 0805 ಅನ್ನೋ ಎಸ್‌ಎಂಡಿ ಸೈಜ್ ಅಂದ್ರೆ ಸುಮಾರು 2 ಮಿಮೀ ಉದ್ದ, ಐರನ್ನಿಂದಲೇ ಹಾಕಬಹುದು. ಒಂದು ಪ್ಯಾಡಿಗೆ (ಬೆಸುಗೆ ಹಾಕುವ ತಾಮ್ರದ ಜಾಗ) ಸ್ವಲ್ಪ ಬೆಸುಗೆ ಸೀಸ ಹಚ್ಚಿ, ಚಿಮುಟದಲ್ಲಿ ಪಾರ್ಟ್ ಹಿಡಿದು ಆ ಸೀಸ ಕರಗಿಸಿ ಕೂರಿಸಿ, ಆಮೇಲೆ ಇನ್ನೊಂದು ಬದಿ. ಅದಕ್ಕಿಂತ ತುಂಬಾ ಚಿಕ್ಕ 0402 ಮಾತ್ರ ಬೇಡ, ಹುಡುಗರ ಕಣ್ಣು ಹೋಗುತ್ತೆ. ಎಟಿಟೈನಿ85 ಎಸ್‌ಎಂಡಿಯಲ್ಲಿ ಅಗಲ ಜಾಸ್ತಿ, ಎಲ್‌ಎಂ358ರ ಎಸ್‌ಒಐಸಿ (ಎಸ್‌ಎಂಡಿ ಐಸಿ) ಫುಟ್‌ಪ್ರಿಂಟ್, ಅಂದ್ರೆ ಬೋರ್ಡಿನ ಪ್ಯಾಡ್ ಅಳತೆ, ಅದಕ್ಕೆ ಕೂರಲ್ಲ, ನೋಡಿಕೊಳ್ಳಿ.

ಯಾದಗಿರಿ_ಫೀಲ್ಡ್
ಫೇಸ್ ಇದೆಯಾ ಅಂತ ನೋಡುವ ರೆಸಿಸ್ಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಅಪಾಯ ಇರೋದೇ ಅಲ್ಲಿ. ಎಲ್ಲರೂ ರೆಸಿಸ್ಟರಿನ ವ್ಯಾಟ್ ನೋಡುತ್ತಾರೆ, ವೋಲ್ಟ್ ನೋಡಲ್ಲ. ಸಾಮಾನ್ಯ 0805 ತಡೆಯೋದು 150 ವೋಲ್ಟ್, ಅದಕ್ಕಿಂತ ದೊಡ್ಡ 1206 ಆದರೆ 200. ನಿಮ್ಮ ಲೈನ್ 415 ವೋಲ್ಟ್, ಅದರ ಪೀಕ್ 580 ದಾಟುತ್ತೆ. ಒಂದೇ ರೆಸಿಸ್ಟರ್ ಹಾಕಿದರೆ ಲೆಕ್ಕದಲ್ಲಿ ವ್ಯಾಟ್ ಸರಿ ಇದ್ದರೂ ಒಂದು ದಿನ ಸುಡುತ್ತೆ. 1206 ನಾಲ್ಕು ಸಾಲಾಗಿ ಹಾಕಿ. ಥ್ರೂ-ಹೋಲ್ ಕಾಲು ವ್ಯಾಟಿನದೂ ಸಾಮಾನ್ಯವಾಗಿ 250 ವೋಲ್ಟೇ, ಅದನ್ನೂ ಮೂರಾದರೂ ಸಾಲಾಗಿ ಹಾಕಬೇಕು. ನಾನಾದರೆ ಇಲ್ಲಿ ಥ್ರೂ-ಹೋಲೇ ಹಾಕುತ್ತೇನೆ. ಪ್ಯಾಡ್‌ಗಳ ನಡುವೆ ದೂರ ಜಾಸ್ತಿ ಸಿಗುತ್ತೆ, ನಮ್ಮ ಕಡೆ ಪೆಟ್ಟಿಗೆಯೊಳಗೆ ಕೂರುವ ಮಣ್ಣಿಗೆ ಮಳೆಗಾಲದಲ್ಲಿ ತೇವ ಹತ್ತಿದರೆ ಆ ದೂರವೇ ಕಾಪಾಡೋದು. ಕೊನೆಗೆ ವಾರ್ನಿಷ್ ಹೊಡೆಯಿರಿ.

ಇನ್ನೊಂದು. ಸೆರಾಮಿಕ್ ಎಸ್‌ಎಂಡಿ ಕೆಪ್ಯಾಸಿಟರನ್ನು ಬೋರ್ಡ್ ಬೇರ್ಪಡಿಸಲು ಮುರಿಯುವ ವಿ-ಕಟ್ ಗೀರಿನ ಅಂಚಿಗೆ ಇಡಬೇಡಿ. ಬಾಗಿದಾಗ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ, ಟೇಬಲ್ ಮೇಲೆ ಟೆಸ್ಟ್ ಪಾಸ್ ಆಗಿ ಹೊಲದಲ್ಲಿ ಶಾರ್ಟ್ ಆಗುತ್ತೆ. ಇಡಲೇಬೇಕಾದರೆ ಉದ್ದ ಬದಿ ಕಟ್‌ಗೆ ಸಮಾನಾಂತರ ಇರಲಿ. ದೊಡ್ಡ ಕೆಪ್ಯಾಸಿಟರ್ 105 ಡಿಗ್ರಿಯದೇ ತಗೊಳ್ಳಿ, ಮೇ ತಿಂಗಳ ಬಿಸಿಲಲ್ಲಿ ಕಬ್ಬಿಣದ ಪೆಟ್ಟಿಗೆ ಒಳಗೆ ಇರುತ್ತಲ್ಲ.

ಪ್ಯಾನೆಲ್_ಕಲಬುರಗಿ
ತುಂಬಾ ಉಪಕಾರ ಆಯ್ತು ರೀ. ವೋಲ್ಟ್ ವಿಷಯ ನನ್ನ ಲೆಕ್ಕದಲ್ಲೇ ಇರಲಿಲ್ಲ. ಐಸಿ ಸಾಕೆಟ್ ಬಿಡಲೇ? ಮತ್ತೆ ರಿಪೇರಿ?

ಬೀದರ್_ಬೆಸುಗೆ
ಎಟಿಟೈನಿಗೆ ಸಾಕೆಟ್ ಇಟ್ಟರೆ ಮೆಕ್ಯಾನಿಕ್ ಕಿತ್ತು ಬೇರೆ ಹಾಕಬಹುದು, ಆದರೆ ಕಾಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡುವ ಸ್ವಿಚ್) ಹೊಡೆತಕ್ಕೆ, ಮಣ್ಣಿಗೆ ಸಾಕೆಟ್ ಸಡಿಲ ಆಗುತ್ತೆ. ನೇರ ಬೆಸುಗೆ ಹಾಕಿ, ಪ್ರೋಗ್ರಾಂ ಮಾಡೋಕೆ ಆರು ಪ್ಯಾಡ್ ಬಿಡಿ. ರಿಪೇರಿಗೆ ಚಿಂತೆ ಬೇಡ, ತಾಲೂಕಿನ ಮೊಬೈಲ್ ಅಂಗಡಿಗಳಲ್ಲಿ ಬಿಸಿಗಾಳಿ ಮಷಿನ್ ಇರುತ್ತೆ, ಅವರಿಗೆ 0805 ದೊಡ್ಡ ಪಾರ್ಟ್. ಮೆಕ್ಯಾನಿಕ್ ಬದಲಿಸೋದು ಜಾಸ್ತಿ ರಿಲೇನೇ, ಅದರ ಪ್ಯಾಡ್ ದಪ್ಪ ಇಡಿ. ಪಾರ್ಟ್ಸ್ ಹೈದರಾಬಾದಿನ ಕೋಠಿಯಲ್ಲಿ ತಗೊಂಡ ಮೇಲೆಯೇ ಬೋರ್ಡ್ ಆರ್ಡರ್ ಮಾಡಿ. ಲೇಔಟನ್ನು ಕಾಗದದ ಮೇಲೆ ಅದೇ ಅಳತೆಗೆ ಪ್ರಿಂಟ್ ತೆಗೆದು, ತಂದ ರಿಲೇ, ಟ್ರಾನ್ಸ್‌ಫಾರ್ಮರ್ ಕಾಲು ಕೂರುತ್ತವಾ ಅಂತ ಚುಚ್ಚಿ ನೋಡಿ, ಆಮೇಲೆ 50 ಬೋರ್ಡಿಗೆ ದುಡ್ಡು ಕಟ್ಟಿ.